ವರ್ಚುವಲ್ ಮೆಮೊರಿ ಕಾಣೆಯಾಗಿದೆಯೇ? ರ‍್ಯಾಮ್ ಕೊಳ್ಳುವ ಮೊದಲು ಇದನ್ನು ಪರೀಕ್ಷಿಸಿ

ಮನೆಯ ಕಂಪ್ಯೂಟರಿನಲ್ಲಿ ಬ್ರೌಸರ್, ಬರಹದ ತಂತ್ರಾಂಶ ಮತ್ತು ಮಕ್ಕಳ ಆನ್‌ಲೈನ್ ಪಾಠ ಮೂರೂ ಒಟ್ಟಿಗೆ ನಡೆಯುತ್ತಿರುತ್ತವೆ. ಇದ್ದಕ್ಕಿದ್ದಂತೆ ಪರದೆಯ ಮೇಲೆ ಒಂದು ಎಚ್ಚರಿಕೆ ಮೂಡುತ್ತದೆ: ಮೆಮೊರಿ ಸಾಲದಾಗಿದೆ, ಕಡತಗಳನ್ನು ಉಳಿಸಿಕೊಂಡು ತಂತ್ರಾಂಶಗಳನ್ನು ಮುಚ್ಚಿ. ಕೆಲವೊಮ್ಮೆ ಕಂಪ್ಯೂಟರ್ ಆರಂಭವಾಗುವಾಗಲೇ, ಪೇಜಿಂಗ್ ಫೈಲ್‌ನ ಹೊಂದಾಣಿಕೆಯಲ್ಲಿ ತೊಂದರೆ ಇದ್ದುದರಿಂದ ತಾತ್ಕಾಲಿಕ ಪೇಜಿಂಗ್ ಫೈಲ್ ಸೃಷ್ಟಿಸಲಾಗಿದೆ ಎಂಬ ಸಂದೇಶ ಕಾಣಿಸಿಕೊಳ್ಳುತ್ತದೆ. ಬಹಳಷ್ಟು ಮಂದಿಗೆ ಇವೆರಡೂ ಅರ್ಥವಾಗದ ಮಾತುಗಳೇ.

ಕಂಪ್ಯೂಟರನ್ನು ದುರಸ್ತಿ ಅಂಗಡಿಗೆ ಒಯ್ದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಸಲಹೆ ದೊರೆಯುತ್ತದೆ. ಹೊಸ ರ‍್ಯಾಮ್ ಹಾಕಿಸಿ, ಇಲ್ಲವೇ ಫಾರ್ಮ್ಯಾಟ್ ಮಾಡಿಸಿ. ಮೊದಲನೆಯದಕ್ಕೆ ಹಣ ಬೇಕು. ಎರಡನೆಯದಕ್ಕೆ, ಪ್ರತಿ ಇಟ್ಟುಕೊಳ್ಳದಿದ್ದರೆ, ಹಲವು ವರ್ಷಗಳ ಛಾಯಾಚಿತ್ರ ಮತ್ತು ದಾಖಲೆಗಳನ್ನೇ ಬೆಲೆಯಾಗಿ ತೆರಬೇಕಾಗುತ್ತದೆ. ಆದರೆ ಇಂತಹ ಹಲವು ಪ್ರಕರಣಗಳಲ್ಲಿ ದೋಷ ರ‍್ಯಾಮ್‌ನಲ್ಲಿ ಇರುವುದೇ ಇಲ್ಲ. ಅದು ಇರುವುದು ಒಂದು ಹೊಂದಾಣಿಕೆಯಲ್ಲಿ ಅಥವಾ ತುಂಬಿಹೋದ ಡಿಸ್ಕ್‌ನಲ್ಲಿ. ಅದನ್ನು ಐದೇ ನಿಮಿಷಗಳಲ್ಲಿ, ಒಂದು ರೂಪಾಯಿ ಖರ್ಚಿಲ್ಲದೆ ಪರೀಕ್ಷಿಸಬಹುದು.

ಮೇಜು ಮತ್ತು ದಾಖಲೆ ಕೊಠಡಿ

ವರ್ಚುವಲ್ ಮೆಮೊರಿ ಎಂದರೆ ಕಂಪ್ಯೂಟರಿನೊಳಗೆ ಕೂರಿಸಿದ ಪ್ರತ್ಯೇಕ ಬಿಡಿಭಾಗವಲ್ಲ. ಅದೊಂದು ವ್ಯವಸ್ಥೆ. ತಾಲ್ಲೂಕು ಕಚೇರಿಯ ಗುಮಾಸ್ತರ ಮೇಜನ್ನು ಕಲ್ಪಿಸಿಕೊಳ್ಳಬಹುದು. ಸದ್ಯ ನೋಡುತ್ತಿರುವ ಕಡತಗಳು ಮೇಜಿನ ಮೇಲಿರುತ್ತವೆ, ಉಳಿದವು ದಾಖಲೆ ಕೊಠಡಿಯಲ್ಲಿ. ಮೇಜು ತುಂಬಿದಾಗ ಬಹಳ ಹೊತ್ತಿನಿಂದ ಮುಟ್ಟದ ಕಡತವನ್ನು ಕೊಠಡಿಗೆ ಕಳುಹಿಸಿ, ಬೇಕಾದುದನ್ನು ತರಿಸಿಕೊಳ್ಳುತ್ತಾರೆ. ಯಾವ ಕಡತ ಎಲ್ಲಿದೆ ಎಂಬುದು ಒಂದು ವಹಿಯಲ್ಲಿ ದಾಖಲಾಗಿರುತ್ತದೆ.

ಇಲ್ಲಿ ಮೇಜು ಎಂದರೆ ರ‍್ಯಾಮ್. ದಾಖಲೆ ಕೊಠಡಿ ಎಂದರೆ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯಲ್ಲಿ ಮೀಸಲಿಟ್ಟ ಒಂದು ಕಡತ. ವಿಂಡೋಸ್‌ನಲ್ಲಿ ಅದರ ಹೆಸರು ‘ಪೇಜ್‌ಫೈಲ್ ಡಾಟ್ ಸಿಸ್’. ಅದು ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲಿ ಅಡಗಿರುವ ಕಡತವಾದುದರಿಂದ ಎಂದಿನಂತೆ ಡ್ರೈವ್ ತೆರೆದು ನೋಡಿದರೆ ಕಾಣುವುದಿಲ್ಲ. ಕಣ್ಣಿಗೆ ಬೀಳಲಿಲ್ಲ ಎಂದ ಮಾತ್ರಕ್ಕೆ ಅದು ಕಾಣೆಯಾಗಿದೆ ಎಂದು ಭಾವಿಸಬೇಕಾಗಿಲ್ಲ. ಇಂದಿನ ಸಾಮಾನ್ಯ ಗಣಕಗಳು ಮೆಮೊರಿಯನ್ನು 4 ಕಿಲೋಬೈಟ್ ಗಾತ್ರದ ಪುಟಗಳಾಗಿ ವಿಂಗಡಿಸಿ, ಈ ಪುಟಗಳನ್ನು ಮೇಜು ಮತ್ತು ಕೊಠಡಿಗಳ ನಡುವೆ ಓಡಾಡಿಸುತ್ತವೆ.

ಕೊಠಡಿಗೆ ಹೋಗಿ ಬರುವುದಕ್ಕೆ ಸಮಯ ಬೇಕು. ರ‍್ಯಾಮ್‌ನಿಂದ ಓದಲು ಸುಮಾರು 100 ನ್ಯಾನೋಸೆಕೆಂಡು ಸಾಕು. ತಿರುಗುವ ಹಾರ್ಡ್ ಡಿಸ್ಕ್‌ಗೆ ಹತ್ತು ಮಿಲಿಸೆಕೆಂಡಿನಷ್ಟು ಬೇಕಾಗುತ್ತದೆ, ಎಂದರೆ ಸುಮಾರು ಒಂದು ಲಕ್ಷ ಪಟ್ಟು ಹೆಚ್ಚು. ಎಸ್‌ಎಸ್‌ಡಿ ಇದಕ್ಕಿಂತ ಬಹಳ ವೇಗವಾದುದು, ಆದರೂ ರ‍್ಯಾಮ್‌ಗೆ ಸಮನಲ್ಲ. ಆದ್ದರಿಂದ ವರ್ಚುವಲ್ ಮೆಮೊರಿ ರ‍್ಯಾಮ್‌ಗೆ ಆಸರೆಯೇ ಹೊರತು ಬದಲಿಯಲ್ಲ.

ಅರವತ್ತು ವರ್ಷ ಹಳೆಯ ಉಪಾಯ

ಈ ವ್ಯವಸ್ಥೆ ಮೊದಲು ಜಾರಿಗೆ ಬಂದುದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ. ಟಾಮ್ ಕಿಲ್ಬರ್ನ್ ನೇತೃತ್ವದ ತಂಡ ರೂಪಿಸಿದ ಅಟ್ಲಾಸ್ ಗಣಕ 1962ರ ಡಿಸೆಂಬರಿನಲ್ಲಿ ಕಾರ್ಯಾರಂಭ ಮಾಡಿತು. ಅದರ ವೇಗದ ಮೆಮೊರಿಯಲ್ಲಿ 16 ಸಾವಿರದಷ್ಟು ಪದಗಳಿಗೆ ಮಾತ್ರ ಸ್ಥಳವಿತ್ತು. ನಿಧಾನವಾದ ಕಾಂತೀಯ ಡ್ರಮ್‌ನಲ್ಲಿ 96 ಸಾವಿರದಷ್ಟು ಪದಗಳು ಹಿಡಿಯುತ್ತಿದ್ದವು. ಎರಡನ್ನೂ ಒಂದೇ ಮೆಮೊರಿ ಎಂಬಂತೆ ತೋರಿಸಿದುದು ಆ ತಂಡದ ಸಾಧನೆ. ತಂತ್ರಾಂಶ ಬರೆಯುವವರು ಯಾವ ಮಾಹಿತಿ ಎಲ್ಲಿದೆ ಎಂದು ತಲೆ ಕೆಡಿಸಿಕೊಳ್ಳಬೇಕಾದ ಅಗತ್ಯ ಅಲ್ಲಿಗೆ ತಪ್ಪಿತು.

1985ರಲ್ಲಿ ಬಂದ ಇಂಟೆಲ್‌ನ 80386 ಚಿಪ್ ಈ ಪುಟಗಳ ಏರ್ಪಾಟನ್ನು ಮೇಜಿನ ಮೇಲಿನ ಗಣಕಗಳಿಗೂ ತಂದಿತು. 2001ರಲ್ಲಿ ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ, 128 ಅಥವಾ 256 ಎಂಬಿ ರ‍್ಯಾಮ್ ಇದ್ದ ಮನೆಗಳಲ್ಲಿ ‘ವರ್ಚುವಲ್ ಮೆಮೊರಿ ಕಡಿಮೆಯಾಗಿದೆ’ ಎಂಬ ಸಂದೇಶ ಚಿರಪರಿಚಿತವಾಗಿತ್ತು. ಇಂದು 8 ಅಥವಾ 16 ಜಿಬಿ ರ‍್ಯಾಮ್ ಸಾಮಾನ್ಯವಾಗಿದ್ದರೂ ತೊಂದರೆ ಪೂರ್ಣವಾಗಿ ಮಾಯವಾಗಿಲ್ಲ.

ಎರಡು ಸಂಖ್ಯೆಗಳ ಪರೀಕ್ಷೆ

ವಿಂಡೋಸ್ 10 ಅಥವಾ 11 ಇರುವ ಗಣಕದಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ವಿಭಾಗಕ್ಕೆ ಹೋಗಿ ಮೆಮೊರಿಯನ್ನು ಆರಿಸಿಕೊಳ್ಳಬೇಕು. ಅಲ್ಲಿ ‘ಕಮಿಟೆಡ್’ ಎಂಬ ಪದದ ಕೆಳಗೆ ಅಡ್ಡಗೆರೆಯಿಂದ ಬೇರ್ಪಟ್ಟ ಎರಡು ಸಂಖ್ಯೆಗಳಿರುತ್ತವೆ.

ಮೊದಲ ಸಂಖ್ಯೆ, ಎಲ್ಲ ತಂತ್ರಾಂಶಗಳಿಗೆ ಕೊಡುವುದಾಗಿ ವಿಂಡೋಸ್ ಈಗಾಗಲೇ ಒಪ್ಪಿಕೊಂಡಿರುವ ಮೆಮೊರಿ. ಎರಡನೆಯದು, ಅದು ಒಪ್ಪಿಕೊಳ್ಳಬಹುದಾದ ಒಟ್ಟು ಮಿತಿ. ರ‍್ಯಾಮ್ ಮತ್ತು ಪೇಜಿಂಗ್ ಫೈಲ್‌ಗಳ ಗಾತ್ರವನ್ನು ಕೂಡಿದರೆ ಈ ಮಿತಿ ದೊರೆಯುತ್ತದೆ. ಉದಾಹರಣೆಗೆ 8 ಜಿಬಿ ರ‍್ಯಾಮ್ ಮತ್ತು 4 ಜಿಬಿ ಪೇಜಿಂಗ್ ಫೈಲ್ ಇದ್ದರೆ ಮಿತಿ 12 ಜಿಬಿಗೆ ಹತ್ತಿರವಿರಬೇಕು. ಅದೇ ಗಣಕದಲ್ಲಿ ಎರಡನೆಯ ಸಂಖ್ಯೆ 8ಕ್ಕಿಂತ ತುಸು ಕಡಿಮೆ ಇದ್ದರೆ ಪೇಜಿಂಗ್ ಫೈಲ್ ಇಲ್ಲವೆಂದೇ ಅರ್ಥ. ಕಾಣೆಯಾದ ವರ್ಚುವಲ್ ಮೆಮೊರಿಯ ಸುಳಿವು ಅಲ್ಲೇ ಸಿಕ್ಕಂತಾಯಿತು.

ರ‍್ಯಾಮ್ ಶೇಕಡಾ 60ರಷ್ಟು ಮಾತ್ರ ಬಳಕೆಯಾಗಿದ್ದರೂ ಮೆಮೊರಿ ಸಾಲದೆಂಬ ಸಂದೇಶ ಬರುವುದೇಕೆ ಎಂಬ ಗೊಂದಲಕ್ಕೂ ಇಲ್ಲಿಯೇ ಉತ್ತರವಿದೆ. ತಂತ್ರಾಂಶಗಳು ಮುಂದೆ ಬೇಕಾದೀತೆಂದು ಹೆಚ್ಚು ಮೆಮೊರಿಯನ್ನು ಕಾಯ್ದಿರಿಸಿಕೊಳ್ಳುತ್ತವೆ. ಬಳಸದಿದ್ದರೂ ಅದು ಲೆಕ್ಕಕ್ಕೆ ಸೇರುತ್ತದೆ. ಮೊದಲ ಸಂಖ್ಯೆ ಎರಡನೆಯದನ್ನು ಮುಟ್ಟಿದಾಗ, ಮೇಜಿನ ಮೇಲೆ ಜಾಗ ಕಾಣುತ್ತಿದ್ದರೂ, ಹೊಸ ಬೇಡಿಕೆಯನ್ನು ವಿಂಡೋಸ್ ತಿರಸ್ಕರಿಸುತ್ತದೆ. ಆಗ ಉಳಿಸದ ಕೆಲಸದೊಂದಿಗೆ ತಂತ್ರಾಂಶ ಮುಚ್ಚಿಹೋಗುವ ಸಾಧ್ಯತೆ ಇರುತ್ತದೆ.

ಕಾಣೆಯಾಗಲು ಕಾರಣಗಳು

ಮೊದಲನೆಯದು, ಯಾರೋ ಅದನ್ನು ತೆಗೆದಿರುವುದು. ವೇಗ ಹೆಚ್ಚುತ್ತದೆ ಅಥವಾ ಎಸ್‌ಎಸ್‌ಡಿಯ ಆಯುಸ್ಸು ಉಳಿಯುತ್ತದೆ ಎಂಬ ನಂಬಿಕೆಯಿಂದ ಪೇಜಿಂಗ್ ಫೈಲ್ ಬೇಡವೆಂದು ಹೊಂದಿಸುವ ರೂಢಿ ಇದೆ. ಇಂದಿನ ಎಸ್‌ಎಸ್‌ಡಿಗಳಿಗೆ ಮನೆಬಳಕೆಯಲ್ಲಿ ಇದರಿಂದ ಅಂಜುವಂತಹುದು ಇಲ್ಲ. ಎಕ್ಸ್‌ಪಿ ಕಾಲದ ಸಲಹೆಯಂತೆ ಚಿಕ್ಕ ಗಾತ್ರವನ್ನು ಶಾಶ್ವತವಾಗಿ ನಿಗದಿ ಮಾಡಿರುವುದೂ ಉಂಟು.

ಎರಡನೆಯದು, ಸಿ ಡ್ರೈವ್ ತುಂಬಿರುವುದು. ಗಾತ್ರದ ಹೊಣೆಯನ್ನು ವಿಂಡೋಸ್‌ಗೇ ಬಿಟ್ಟರೆ ಅದು ಅಗತ್ಯಕ್ಕೆ ತಕ್ಕಂತೆ ಪೇಜಿಂಗ್ ಫೈಲನ್ನು ಹಿಗ್ಗಿಸುತ್ತದೆ. ರ‍್ಯಾಮ್‌ನ ಮೂರು ಪಟ್ಟು ಅಥವಾ 4 ಜಿಬಿ, ಇವೆರಡರಲ್ಲಿ ದೊಡ್ಡದು ಅದರ ಮೇಲ್ಮಿತಿ. ಆದರೆ ಅದು ಡ್ರೈವ್ ಗಾತ್ರದ ಎಂಟನೇ ಒಂದು ಭಾಗವನ್ನು ಮೀರುವುದಿಲ್ಲ. ಡ್ರೈವ್‌ನಲ್ಲಿ ಜಾಗವೇ ಇಲ್ಲದಿದ್ದರೆ ಹಿಗ್ಗುವುದಾದರೂ ಎಲ್ಲಿಗೆ?

ಮೂರನೆಯದು, ಪೇಜಿಂಗ್ ಫೈಲ್ ಅಥವಾ ಅದಿರುವ ಡಿಸ್ಕ್ ಕೆಟ್ಟಿರುವುದು. ವಿದ್ಯುತ್ ಹಠಾತ್ತನೆ ಕಡಿತಗೊಂಡಾಗ ಕಡತ ವ್ಯವಸ್ಥೆಗೆ ಪೆಟ್ಟಾಗಬಹುದು. ಹಿಂದೆ ಪೇಜಿಂಗ್ ಫೈಲ್ ಇದ್ದ ಎರಡನೆಯ ಡಿಸ್ಕನ್ನು ಕಳಚಿದಾಗಲೂ ತಾತ್ಕಾಲಿಕ ಪೇಜಿಂಗ್ ಫೈಲ್‌ನ ಸಂದೇಶ ಬರಬಹುದು.

ಸರಿಪಡಿಸುವ ಕ್ರಮ

ಯಾವುದಕ್ಕೂ ಮೊದಲು ಮುಖ್ಯ ಕಡತಗಳ ಪ್ರತಿಯನ್ನು ಬೇರೆ ಡಿಸ್ಕ್ ಅಥವಾ ಪೆನ್ ಡ್ರೈವ್‌ಗೆ ತೆಗೆದಿಡುವುದು ಲೇಸು. ನಂತರದ ಹೆಜ್ಜೆಗಳು ಹೀಗಿವೆ.

1. ಸಿ ಡ್ರೈವ್‌ನಲ್ಲಿ ಜಾಗ ಎಷ್ಟಿದೆ ಎಂದು ನೋಡಬೇಕು. ರೀಸೈಕಲ್ ಬಿನ್, ತಾತ್ಕಾಲಿಕ ಕಡತಗಳು ಮತ್ತು ಡೌನ್‌ಲೋಡ್ಸ್‌ನಲ್ಲಿ ಉಳಿದಿರುವ ಬೇಡದ ಕಡತಗಳನ್ನು ತೆರವುಗೊಳಿಸಬೇಕು. ಪೇಜ್‌ಫೈಲ್ ತೆಗೆದು ಜಾಗ ಮಾಡಿಕೊಳ್ಳುವುದು ಸರಿಯಲ್ಲ.

2. ವಿಂಡೋಸ್ ಕೀಲಿ ಮತ್ತು ಆರ್ ಒತ್ತಿದಾಗ ತೆರೆಯುವ ರನ್ ಚೌಕದಲ್ಲಿ ‘ಎಸ್‌ವೈಎಸ್‌ಡಿಎಂ ಡಾಟ್ ಸಿಪಿಎಲ್’ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಎಂಟರ್ ಒತ್ತಬೇಕು. ಅಡ್ವಾನ್ಸ್‌ಡ್ ವಿಭಾಗದಲ್ಲಿ ಪರ್ಫಾರ್ಮೆನ್ಸ್‌ನ ಸೆಟ್ಟಿಂಗ್ಸ್ ಗುಂಡಿ ಒತ್ತಿ, ಮತ್ತೆ ಅಡ್ವಾನ್ಸ್‌ಡ್‌ಗೆ ಹೋಗಿ, ವರ್ಚುವಲ್ ಮೆಮೊರಿಯ ಕೆಳಗಿನ ಚೇಂಜ್ ಗುಂಡಿಯನ್ನು ಒತ್ತಬೇಕು.

3. ಎಲ್ಲ ಡ್ರೈವ್‌ಗಳ ಪೇಜಿಂಗ್ ಫೈಲನ್ನು ಸ್ವಯಂಚಾಲಿತವಾಗಿ ನಿರ್ವಹಿಸುವ ಆಯ್ಕೆ ಮೇಲ್ತುದಿಯಲ್ಲಿದೆ. ಅದಕ್ಕೆ ಗುರುತು ಹಾಕಿ ಓಕೆ ಒತ್ತಿ, ಗಣಕವನ್ನು ಪುನಃ ಆರಂಭಿಸಬೇಕು. ಡ್ರೈವ್‌ಗೆ ಪ್ರತ್ಯೇಕವಾಗಿ ಗಾತ್ರ ನಿಗದಿ ಮಾಡುವವರು ‘ಸೆಟ್’ ಗುಂಡಿಯನ್ನು ಒತ್ತಲು ಮರೆಯಬಾರದು. ಅದನ್ನು ಒತ್ತದೆ ಓಕೆ ಒತ್ತಿದರೆ ಬದಲಾವಣೆ ಜಾರಿಗೆ ಬರುವುದಿಲ್ಲ.

4. ತಾತ್ಕಾಲಿಕ ಫೈಲ್‌ನ ಸಂದೇಶ ಮರುಕಳಿಸಿದರೆ ಹಳೆಯ ಪೇಜಿಂಗ್ ಫೈಲನ್ನು ತೆಗೆದು ಹೊಸದನ್ನು ಸೃಷ್ಟಿಸಬೇಕಾಗುತ್ತದೆ. ಅದೇ ಚೌಕದಲ್ಲಿ ಸ್ವಯಂಚಾಲಿತ ಆಯ್ಕೆಯ ಗುರುತು ತೆಗೆದು, ‘ನೋ ಪೇಜಿಂಗ್ ಫೈಲ್’ ಆರಿಸಿ, ಸೆಟ್ ಒತ್ತಿ, ಗಣಕವನ್ನು ಪುನಃ ಆರಂಭಿಸಬೇಕು. ಈ ಹಂತದಲ್ಲಿ ಭಾರಿ ತಂತ್ರಾಂಶಗಳನ್ನು ತೆರೆಯದೆ, ಕೂಡಲೇ ಸ್ವಯಂಚಾಲಿತ ಆಯ್ಕೆಗೆ ಮರಳಿ, ಇನ್ನೊಮ್ಮೆ ಆರಂಭಿಸಬೇಕು.

ಇದಾದ ಬಳಿಕ ಟಾಸ್ಕ್ ಮ್ಯಾನೇಜರಿನ ಎರಡನೆಯ ಸಂಖ್ಯೆಯನ್ನು ಮತ್ತೆ ನೋಡಬೇಕು. ಅದು ರ‍್ಯಾಮ್ ಗಾತ್ರವನ್ನು ದಾಟಿದ್ದರೆ ಕಾಣೆಯಾದುದು ಮರಳಿದೆ ಎಂದರ್ಥ. ದಾಟದಿದ್ದರೆ, ಇಲ್ಲವೇ ದೋಷ ಪದೇ ಪದೇ ಬರುತ್ತಿದ್ದರೆ ಡಿಸ್ಕ್‌ನ ಆರೋಗ್ಯವನ್ನೇ ಪರೀಕ್ಷಿಸಬೇಕು. ಸಾಯುತ್ತಿರುವ ಡಿಸ್ಕ್ ಮೊದಲು ಹೀಗೆಯೇ ಸೂಚನೆ ಕೊಡಬಹುದು. ಆ ಸಂದರ್ಭದಲ್ಲಿ ದುರಸ್ತಿಗಿಂತ ಕಡತಗಳ ಪ್ರತಿ ತೆಗೆಯುವ ಕೆಲಸ ತುರ್ತಿನದು.

ನುಂಗುವವರು ಯಾರು?

ಪೇಜಿಂಗ್ ಫೈಲ್ ಸರಿಯಾಗಿದ್ದೂ ಎಚ್ಚರಿಕೆ ಬರುತ್ತಿದ್ದರೆ ಯಾವುದೋ ಒಂದು ತಂತ್ರಾಂಶ ಮೆಮೊರಿಯನ್ನು ಪಡೆಯುತ್ತ, ಹಿಂದಿರುಗಿಸದೆ ಇರುವ ಸಂಭವವಿದೆ. ಇದಕ್ಕೆ ಮೆಮೊರಿ ಸೋರಿಕೆ ಎನ್ನುತ್ತಾರೆ. ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ವಿಭಾಗದಲ್ಲಿ ಅಂಕಣಗಳ ತಲೆಬರಹದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ‘ಕಮಿಟ್ ಸೈಜ್’ ಅಂಕಣವನ್ನು ಸೇರಿಸಿಕೊಂಡರೆ ತಪ್ಪಿತಸ್ಥ ಪತ್ತೆಯಾಗುತ್ತದೆ. ವಿಂಡೋಸ್ ಕೂಡ ಇಂತಹ ಘಟನೆಯನ್ನು ದಾಖಲಿಸಿಡುತ್ತದೆ. ಇವೆಂಟ್ ವ್ಯೂವರ್‌ನ ಸಿಸ್ಟಂ ದಾಖಲೆಯಲ್ಲಿ 2004 ಸಂಖ್ಯೆಯ ಎಚ್ಚರಿಕೆಯನ್ನು ಹುಡುಕಿದರೆ, ಅತಿ ಹೆಚ್ಚು ವರ್ಚುವಲ್ ಮೆಮೊರಿ ಬಳಸಿದ ತಂತ್ರಾಂಶಗಳ ಹೆಸರು ಅಲ್ಲಿರುತ್ತದೆ. ಈ 2004 ಇಸವಿಯಲ್ಲ, ಎಚ್ಚರಿಕೆಯ ಕ್ರಮಸಂಖ್ಯೆ. ಆ ತಂತ್ರಾಂಶವನ್ನು ನವೀಕರಿಸುವುದು ಅಥವಾ ತೆಗೆದುಹಾಕುವುದು ಪರಿಹಾರ.

ರ‍್ಯಾಮ್ ಸ್ವಚ್ಛಗೊಳಿಸಿ ವೇಗ ಹೆಚ್ಚಿಸುತ್ತೇವೆ ಎನ್ನುವ ತಂತ್ರಾಂಶಗಳಿಂದ ಪ್ರಯೋಜನವಿಲ್ಲ. ಅವು ಮೇಜಿನ ಮೇಲಿನ ಕಡತಗಳನ್ನು ಬಲವಂತವಾಗಿ ಕೊಠಡಿಗೆ ತಳ್ಳುತ್ತವೆ, ಮರುಕ್ಷಣವೇ ಅವನ್ನು ಮತ್ತೆ ತರಬೇಕಾಗುತ್ತದೆ. ಇನ್ನು, ಮೆಮೊರಿ ಕೆಟ್ಟಿದೆ, ಕೂಡಲೇ ಈ ಸಂಖ್ಯೆಗೆ ಕರೆ ಮಾಡಿ ಎಂದು ಬ್ರೌಸರಿನಲ್ಲಿ ಮೂಡುವ ಸಂದೇಶ ವಂಚಕರದ್ದೇ. ವಿಂಡೋಸ್‌ನ ನಿಜವಾದ ಎಚ್ಚರಿಕೆಗಳಲ್ಲಿ ದೂರವಾಣಿ ಸಂಖ್ಯೆ ಇರುವುದಿಲ್ಲ. ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ಅಪರಾಧಗಳ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ರ‍್ಯಾಮ್ ಕೊಳ್ಳುವುದು ಯಾವಾಗ?

ಇಷ್ಟೆಲ್ಲ ಸರಿಯಾಗಿದ್ದೂ ದಿನನಿತ್ಯದ ಕೆಲಸದಲ್ಲಿ ರ‍್ಯಾಮ್ ಸದಾ ಭರ್ತಿಯಾಗಿದ್ದು, ಡಿಸ್ಕ್ ಎಡೆಬಿಡದೆ ಓಡುತ್ತ, ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋಗಲು ಹಲವು ಸೆಕೆಂಡು ಹಿಡಿಯುತ್ತಿದ್ದರೆ ರ‍್ಯಾಮ್ ನಿಜಕ್ಕೂ ಸಾಲದಾಗಿದೆ. ಗುಮಾಸ್ತರು ಕೆಲಸ ಮಾಡುವುದನ್ನು ಬಿಟ್ಟು ಕೊಠಡಿಗೆ ಅಲೆಯುವುದರಲ್ಲಿಯೇ ದಿನ ಕಳೆಯುವ ಈ ಸ್ಥಿತಿಯನ್ನು ತಂತ್ರಜ್ಞರು ‘ಥ್ರ್ಯಾಶಿಂಗ್’ ಎನ್ನುತ್ತಾರೆ. ಪೇಜಿಂಗ್ ಫೈಲನ್ನು ಎಷ್ಟು ದೊಡ್ಡದು ಮಾಡಿದರೂ ಇದು ಗುಣವಾಗದು, ಮೇಜನ್ನೇ ದೊಡ್ಡದು ಮಾಡಬೇಕು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಎಂದು ನಿಗದಿಯಾಗಿದ್ದರೂ ಅದು ಆರಂಭಕ್ಕೆ ಸಾಕಾಗುವ ಅಳತೆಯೇ ಹೊರತು ನೆಮ್ಮದಿಯ ಅಳತೆಯಲ್ಲ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಕೊಳ್ಳುವ ಮುನ್ನ ಹೆಚ್ಚುವರಿ ಸ್ಥಳವಿದೆಯೇ ಎಂದು ವಿಚಾರಿಸಿಕೊಳ್ಳುವುದು ಅಗತ್ಯ.

ದುರಸ್ತಿಗೆ ಒಯ್ಯಲೇಬೇಕಾದ ಸಂದರ್ಭ ಬಂದರೂ ಟಾಸ್ಕ್ ಮ್ಯಾನೇಜರಿನ ಆ ಎರಡು ಸಂಖ್ಯೆಗಳನ್ನು, ಸಿ ಡ್ರೈವ್‌ನಲ್ಲಿ ಉಳಿದಿರುವ ಜಾಗವನ್ನು ಮತ್ತು ಪರದೆಯ ಮೇಲೆ ಬಂದ ಸಂದೇಶವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಒಳ್ಳೆಯದು. ರ‍್ಯಾಮ್ ಏಕೆ ಬೇಕು, ಫಾರ್ಮ್ಯಾಟ್ ಏಕೆ ಬೇಕು ಎಂದು ಕೇಳಲು ಆ ಚೀಟಿಯೇ ಆಧಾರವಾಗುತ್ತದೆ.