ಲಿಲ್ಲಿಗೆ ಭರಣಿ, ರೋಸಿಗೆ ಸ್ವಾತಿ

ಭರಣಿ ನಕ್ಷತ್ರದ ಮೊದಲ ಪಾದದಲ್ಲಿ ಹುಟ್ಟಿದ ಮಗುವಿಗೆ ಪಂಚಾಂಗ ಕೊಡುವ ಅಕ್ಷರ ‘ಲಿ’. ಲೀಲಾವತಿ ಎಂದಿಡಬಹುದು, ಲಿಖಿತಾ ಎಂದಿಡಬಹುದು. ಲಿಲ್ಲಿ ಎಂದಿಟ್ಟರೂ ಪಂಚಾಂಗದ ತಕರಾರಿಲ್ಲ. ಸ್ವಾತಿಯ ಮೂರನೇ ಪಾದಕ್ಕೆ ‘ರೋ’ ಬರುತ್ತದೆ, ಅಲ್ಲಿ ರೋಸಿ ಸಲೀಸಾಗಿ ಕೂರುತ್ತಾಳೆ. ಪೂರ್ವಾಭಾದ್ರದ ಎರಡನೇ ಪಾದದ ‘ಸೋ’ಗೆ ಸೋಫಿಯಾ, ರೋಹಿಣಿಯ ಮೊದಲ ಪಾದದ ‘ಓ’ಗೆ ಒಲಿವಿಯಾ, ಮೃಗಶಿರದ ಕೊನೆಯ ಪಾದದ ‘ಕಿ’ಗೆ ಕಿಯಾರಾ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಹೆಣ್ಣುಮಗುವಿಗೆ ಹೊಸ ಬಗೆಯ ಹೆಸರು ಹುಡುಕುವ ಅಪ್ಪ ಅಮ್ಮಂದಿರಿಗೆ ಜೋಯಿಸರಿಂದ ಅಂಥ ಅಡ್ಡಿಯೇನಿಲ್ಲ. ಹೆಸರು ಪಾಸಾಗಬೇಕಾದದ್ದು ಅಜ್ಜಿಯ ನಾಲಿಗೆಯ ಮೇಲೆ.

ದಿನಕ್ಕೆ ನೂರು ಸಲ ಮೊಮ್ಮಗಳನ್ನು ಕೂಗುವವರು ಅವರೇ ತಾನೆ? ಇಂಗ್ಲಿಷಿನಲ್ಲಿ ಮೇರಿಯನ್ನು ಮುದ್ದಿನಿಂದ ಪಾಲಿ ಎನ್ನುತ್ತಾರೆ. ಅದು ಇಲ್ಲಿ ‘ಪೋಲಿ’ ಆದರೆ ಮನೆಮಂದಿ ತಲೆ ಎತ್ತುವಂತಿಲ್ಲ. ಮಾರ್ಗರೆಟ್‌ನ ಮುದ್ದುರೂಪ ಮ್ಯಾಗಿ ಒಂದೋ ನೂಡಲ್ಸ್, ಇಲ್ಲವೇ ಶಾಲೆಯ ಮಗ್ಗಿ. ಝಾರಾ ಅಕ್ಷರ ಸ್ವಲ್ಪ ಸಡಿಲಾದರೆ ‘ಜಾರ’. ಇನ್ನು ಕೆಲವಕ್ಕೆ ಅದೃಷ್ಟ ಚೆನ್ನಾಗಿದೆ. ಇಟಾಲಿಯನ್ನಿನಲ್ಲಿ ‘ಸುಂದರಿ’ ಎನಿಸಿಕೊಂಡ ಬೆಲ್ಲಾ ಹಾಸನದಲ್ಲಿ ಬೆಲ್ಲವೇ ಆಗುತ್ತಾಳೆ. ಹೆಲೆನ್‌ಳ ಕಿರುರೂಪ ನೆಲ್ಲಿ ಹಿತ್ತಲಿನ ಮರದಲ್ಲೇ ಇದ್ದಾಳೆ. ಇವೆರಡಕ್ಕೂ ಯಾವ ಅಜ್ಜಿಯೂ ಬೇಡ ಎನ್ನಲಾರರು.

ಫೋನಿನಲ್ಲಿ ಸಿಗುವ ಅರ್ಥ

‘ಏನಪ್ಪಾ ಅದರ ಅರ್ಥ?’ ಎಂದು ಹಿರಿಯರು ಕೇಳಿದರೆ ಫೋನ್ ತೆರೆದು ತೋರಿಸುವ ಕಾಲ ಇದು. ಆದರೆ ಆ ಪಟ್ಟಿಗಳು ಹೇಳುವುದು ಪೂರ್ತಿ ಕಥೆಯಲ್ಲ. ಕಿಯಾರಾ ಹೆಸರನ್ನೇ ನೋಡಿ. ಇಟಲಿಯ ಕಿಯಾರಾಳ ಅರ್ಥ ತಿಳಿ, ಬೆಳಕು. ಐರ್ಲೆಂಡಿನಲ್ಲಿ ಇದನ್ನೇ ಹೋಲುವ ಇನ್ನೊಂದು ಹೆಸರಿದೆ, ಅದು ಹುಟ್ಟಿದ್ದು ಕಪ್ಪು ಎಂಬರ್ಥದ ಪದದಿಂದ. 1998ರ ‘ಲಯನ್ ಕಿಂಗ್’ ಎರಡನೇ ಚಿತ್ರದಲ್ಲಿ ಸಿಂಬನ ಮಗಳ ಹೆಸರು ಕಿಯಾರಾ. 2010ರ ‘ಅಂಜಾನಾ ಅಂಜಾನಿ’ಯಲ್ಲಿ ಪ್ರಿಯಾಂಕಾ ಚೋಪ್ರಾ ಪಾತ್ರಕ್ಕೂ ಇದೇ ಹೆಸರು. ಅದನ್ನು ಮೆಚ್ಚಿ ಆಲಿಯಾ ಅಡ್ವಾಣಿ ತೆರೆಯ ಮೇಲೆ ಕಿಯಾರಾ ಅಡ್ವಾಣಿ ಆದರು. ನಮ್ಮ ಊರುಗಳಿಗೆ ಈ ಹೆಸರು ಬಂದದ್ದು ಇಟಲಿಯಿಂದಲ್ಲ, ಸಿನಿಮಾದಿಂದ.

ಮೈರಾಗೆ ನಿಘಂಟಿನ ಬೇರು ಹುಡುಕುವುದೇ ಕಷ್ಟ. ಫುಲ್ಕ್ ಗ್ರೆವಿಲ್ ಎಂಬ ಇಂಗ್ಲಿಷ್ ಕವಿ ಸುಮಾರು ನಾನೂರು ವರ್ಷಗಳ ಹಿಂದೆ ತನ್ನ ಪ್ರೇಮಕವಿತೆಗಳಿಗಾಗಿ ಕಟ್ಟಿಕೊಂಡ ಹೆಸರದು. ವೆನೆಸ್ಸಾ ಕೂಡ ಹಾಗೆಯೇ: ಎಸ್ತರ್ ವ್ಯಾನ್‌ಹೊಮ್ರಿ ಎಂಬ ಗೆಳತಿಯ ಮನೆತನದ ಹೆಸರಿನಿಂದ ಒಂದು ತುಂಡು, ಅವಳ ಹೆಸರಿನಿಂದ ಇನ್ನೊಂದು ತುಂಡು ಸೇರಿಸಿ ಜೊನಾಥನ್ ಸ್ವಿಫ್ಟ್ ಮಾಡಿದ್ದು. ಅಪ್ಪನದೊಂದು ಅಕ್ಷರ, ಅಮ್ಮನದೊಂದು ಅಕ್ಷರ ಜೋಡಿಸಿ ಮಗಳಿಗೆ ಹೆಸರಿಡುವ ಈಗಿನವರು ಸ್ವಿಫ್ಟ್‌ನ ದಾರಿಯಲ್ಲೇ ಇದ್ದಾರೆ. ಹಾಸನದ ಭುವನಹಳ್ಳಿಯ ನಟ ಯಶ್ ಮತ್ತು ರಾಧಿಕಾ ಪಂಡಿತ್ 2019ರಲ್ಲಿ ಮಗಳಿಗಿಟ್ಟ ಹೆಸರು ಐರಾ. ಕಿಯಾರಾ, ಮೈರಾ, ಝಾರಾ, ಐರಾ ಎಲ್ಲವೂ ಒಂದೇ ಪ್ರಾಸದವು. ಕಿವಿಗೆ ಹಿಡಿಸಿದ ಮೇಲೆ ಅರ್ಥ ಹುಡುಕುವುದು ಆಮೇಲಿನ ಕೆಲಸ.

ಇಂಗ್ಲಿಷ್ ಹೆಸರು ಎನ್ನುವುದೂ ಸಡಿಲ ಮಾತೇ. ಸೋಫಿಯಾ ಗ್ರೀಕಿನ ‘ಜ್ಞಾನ’. ಮಾರ್ಗರೆಟ್ ಗ್ರೀಕಿನ ‘ಮುತ್ತು’, ಹಾಗಾಗಿ ಹಳೆಯ ಮುತ್ತಮ್ಮನಿಗೂ ಅವಳಿಗೂ ಒಂದೇ ಅರ್ಥ. ಸೂಸನ್ ಹೀಬ್ರೂವಿನ ಲಿಲ್ಲಿ ಹೂವು. ಸ್ಟೆಲ್ಲಾ ಲ್ಯಾಟಿನ್ನಿನ ತಾರೆ, ಲೂಸಿ ಲ್ಯಾಟಿನ್ನಿನ ಬೆಳಕು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಹೆಣ್ಣುಮಕ್ಕಳ ಪಟ್ಟಿಯಲ್ಲಿ 2016ರಿಂದ ವರ್ಷಗಟ್ಟಲೆ ಮೊದಲ ಸ್ಥಾನ ಬಿಡದ ಒಲಿವಿಯಾ ಷೇಕ್ಸ್‌ಪಿಯರ್ ನಾಟಕ ‘ಟ್ವೆಲ್ಫ್ತ್ ನೈಟ್’ನ ಶ್ರೀಮಂತ ಹೆಣ್ಣು. ಅಪ್ಪಟ ಹಳೆಯ ಇಂಗ್ಲಿಷ್ ಬೇಕೆಂದರೆ ಈಡಿತ್, ಮಿಲ್ಡ್ರೆಡ್, ಆಡ್ರಿಗಳತ್ತ ಹೋಗಬೇಕು. ಈಡಿತ್‌ನಲ್ಲಿ ಸಂಪತ್ತು ಮತ್ತು ಯುದ್ಧ ಎರಡೂ ಇವೆ. ಮಿಲ್ಡ್ರೆಡ್ ಎಂದರೆ ಸೌಮ್ಯ ಬಲ. ಅವನ್ನು ಇಲ್ಲಿ ಯಾರೂ ಕೇಳುವುದಿಲ್ಲ.

ರೋಸಮ್ಮ, ತೆರೇಸಮ್ಮ

ಹಾಸನ ಜಿಲ್ಲೆಗೆ ಇಂಥ ಹೆಸರು ಹೊಸತೂ ಅಲ್ಲ. ಗೊರೂರಿನ ಹೇಮಾವತಿ ಜಲಾಶಯದಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಮೇಲೇಳುವ ಶೆಟ್ಟಿಹಳ್ಳಿಯ ರೋಸರಿ ಚರ್ಚನ್ನು ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು 1860ರ ದಶಕದಲ್ಲಿ. ಕನ್ನಡದ ಕ್ರೈಸ್ತ ಮನೆಗಳು ಸಂತರ ಹೆಸರುಗಳನ್ನು ಹಾಗೇ ಬಿಡದೆ ‘ಅಮ್ಮ’ ಹಚ್ಚಿ ಒಗ್ಗಿಸಿಕೊಂಡವು: ಮೇರಿ ಮರಿಯಮ್ಮ, ರೋಸಾ ರೋಸಮ್ಮ, ತೆರೇಸಾ ತೆರೇಸಮ್ಮ, ಆನ್ ಅನ್ನಮ್ಮ. ಬೇರೆ ಮನೆಗಳಿಗೂ ಒಂದು ಕಾಲದಲ್ಲಿ ಇಂಗ್ಲಿಷ್ ಬಂತು, ಆದರೆ ಕರೆಯುವ ಹೆಸರಾಗಿ: ಬೇಬಿ, ಪಿಂಕಿ, ಸ್ವೀಟಿ, ಡಾಲಿ. ತೊಟ್ಟಿಲಲ್ಲಿ ಬೇಬಿ ಆದವರು ಮೊಮ್ಮಕ್ಕಳನ್ನು ಕಂಡ ಮೇಲೂ ಊರಿಗೆಲ್ಲ ಬೇಬಕ್ಕ.

ದೊಡ್ಡ ಹೆಸರು ಸವೆದು ಚಿಕ್ಕದಾಗುವುದಕ್ಕೆ ಈ ನೆಲದಲ್ಲಿ ಕಲ್ಲಿನ ಸಾಕ್ಷಿಯೇ ಇದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 1181ರಲ್ಲಿ ಬಸದಿ ಕಟ್ಟಿಸಿದವಳು ಹೊಯ್ಸಳ ದೊರೆ ವೀರಬಲ್ಲಾಳನ ಮಂತ್ರಿ ಚಂದ್ರಮೌಳಿಯ ಹೆಂಡತಿ ಆಚಲದೇವಿ. ಜನರ ಬಾಯಲ್ಲಿ ಆಕೆ ಆಚಿಯಕ್ಕ, ಬಸದಿ ಆಚಿಯಕ್ಕನ ಬಸದಿ. ಈಗ ಬರೀ ‘ಅಕ್ಕನ ಬಸದಿ’. ಎಲಿಜಬೆತ್ ಬೆಟ್ಟಿಯಾದಂತೆ. ಅದೇ ಊರಿನ ಶಾಸನಗಳಲ್ಲಿ ಹೊಯ್ಸಳ ದಂಡನಾಯಕ ಗಂಗರಾಜನ ತಾಯಿ ಪೋಚಿಕಬ್ಬೆ, ಹೆಂಡತಿ ಲಕ್ಷ್ಮೀಮತಿ. 1123ರಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದ ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆ. ಎರಡು ಮನೆಯಲ್ಲೂ ಹಿಂದಿನ ತಲೆಮಾರು ‘ಅಬ್ಬೆ’, ಮುಂದಿನದು ಸಂಸ್ಕೃತದ ಛಾಯೆಯದು. ಅಂದಿನ ಹಿರಿಯರಿಗೆ ಲಕ್ಷ್ಮೀಮತಿಯೇ ‘ಈಗಿನ ಕಾಲದ ಹೆಸರು’ ಅನ್ನಿಸಿದ್ದರೂ ಆಶ್ಚರ್ಯವಿಲ್ಲ. ಶಾಂತಲಾ ಇಂದಿಗೂ ಹಾಜರಿಪುಸ್ತಕದಲ್ಲಿದ್ದಾಳೆ, ಮಾಚಿಕಬ್ಬೆ ಇಲ್ಲ.

ತೊಟ್ಟಿಲಲ್ಲಿ ಒಂದು, ಪತ್ರದಲ್ಲಿ ಒಂದು

ಹೆಸರಿನ ಬಗ್ಗೆ ಅಜ್ಜಿಯ ಜೊತೆಗಿನ ಜಗಳ ಬಗೆಹರಿಸುವ ದಾರಿ ನಾಮಕರಣದಲ್ಲೇ ಇದೆ. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಚಿನ್ನದ ಉಂಗುರದಿಂದ ಹೆಸರು ಬರೆದು, ಮಗುವಿನ ಕಿವಿಯಲ್ಲಿ ಮೂರು ಸಲ ಹೇಳುವಾಗ ಒಂದೇ ಹೆಸರಿರಬೇಕೆಂದಿಲ್ಲ. ಶಾಸ್ತ್ರ ಬಲ್ಲ ಮನೆಗಳಲ್ಲಿ ಮಾಸನಾಮ, ನಕ್ಷತ್ರನಾಮ, ಮನೆದೇವರ ಹೆಸರು, ವ್ಯವಹಾರನಾಮ ಎಂದು ಸಾಲೇ ಇದೆ. ‘ಮನೆದೇವ್ರ ಹೆಸ್ರು ಒಂದಿರ್ಲಿ ಕಣಪ್ಪ, ಆಮೇಲೆ ನಿಂಗೆ ಬೇಕಾದ್ದು ಇಟ್ಕೊ’ ಎಂದು ಅಜ್ಜಿ ರಾಜಿಗೆ ಬರುತ್ತಾರೆ. ಹೊಳೆನರಸೀಪುರದ ಲಕ್ಷ್ಮೀನರಸಿಂಹನ ಒಕ್ಕಲು ಲಕ್ಷ್ಮಿ ಎಂದು, ಮಾವಿನಕೆರೆ ರಂಗನಾಥನ ಒಕ್ಕಲು ರಂಗನಾಯಕಿ ಎಂದು ಅಕ್ಕಿಯ ಮೇಲೆ ಬರೆಸಿ, ಶಾಲೆಗೆ ಮೈರಾ ಎಂದು ಕಳಿಸಬಹುದು. ವಿದೇಶದಲ್ಲಿರುವ ಮಕ್ಕಳು ಇನ್ನೂ ಜಾಣತನ ಮಾಡಿ ಎರಡೂ ಕಡೆ ಸಲ್ಲುವ ತಾರಾ, ಮಾಯಾ, ಅನಿತಾ, ಶೀಲಾಗಳನ್ನು ಆರಿಸಬಹುದು. ಐರ್ಲೆಂಡಿನಲ್ಲಿ ಶೀಲಾ ಎಂದರೆ ಸಿಸಿಲಿಯಾಳ ರೂಪ. ಸ್ಪೇನಿನಲ್ಲಿ ಅನಿತಾ ಎಂದರೆ ಪುಟ್ಟ ಆನಾ. 2025ರ ಅಂತರರಾಷ್ಟ್ರೀಯ ಬೂಕರ್ ಗೆದ್ದ ಹಾಸನದ ಬಾನು ಮುಷ್ತಾಕ್ ಅವರ ‘ಬಾನು’ ಪಾರಸಿಯಲ್ಲಿ ಗೌರವದ ಹೆಣ್ಣು, ಕನ್ನಡದಲ್ಲಿ ಆಕಾಶ.

ಸರ್ಕಾರದ ಲೆಕ್ಕದಲ್ಲಿ ಮಾತ್ರ ಹೆಸರು ಒಂದೇ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಹೆಸರು ಗೊತ್ತಾಗಿಲ್ಲದಿದ್ದರೆ ಜಾಗ ಖಾಲಿ ಬಿಟ್ಟು, ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರ್ಪಡೆಯಿಂದ ಪಾಸ್‌ಪೋರ್ಟ್‌ವರೆಗೆ ಹುಟ್ಟಿದ ದಿನಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಅದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರುವುದರಿಂದ ಝೋಯಾ, ಜೋಯಾ, ಜೋಯ ಇವುಗಳಲ್ಲಿ ಯಾವುದೆಂದು ತೀರ್ಮಾನಿಸಿ, ಎರಡೂ ಲಿಪಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಡುವುದು ಒಳ್ಳೆಯದು; ಅರ್ಜಿಯಲ್ಲಿ ತಪ್ಪಿದ ಒಂದು ಕೊಂಬು ಮುಂದೆ ಅಫಿಡವಿಟ್ಟಿಗೆ ಎಳೆಯುತ್ತದೆ.