ದಪ್ಪ ಅಳೆದರೆ ಸಾಲದು, ಬ್ರೇಕು ಉಂಡ ಶಾಖವನ್ನೂ ಓದಬೇಕು

ಚೆನ್ನೈ ಸಮೀಪದ ಇರುಂಗಾಟ್ಟುಕೋಟೆಯ ರೇಸ್ ಟ್ರ್ಯಾಕ್‌ನಲ್ಲಿ ಒಂದು ಸುತ್ತು ಸುಮಾರು 3.7 ಕಿ.ಮೀ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ತಲುಪಬಹುದಾದ್ದರಿಂದ ಇಲ್ಲಿನ ಸ್ಪೋರ್ಟ್ಸ್ ಕಾರುಗಳೂ ಅಲ್ಲಿಗೆ ಹೋಗುತ್ತವೆ. ಹೀಗೆ ಓಡಿದ ಕಾರಿನ ಬ್ರೇಕ್ ಪರೀಕ್ಷಿಸುವುದು ಬೇರೆಯೇ ಒಂದು ಕಸುಬು. ಪ್ಯಾಡ್ ಎಷ್ಟು ಮಿಲಿಮೀಟರ್ ಉಳಿದಿದೆ ಎಂಬ ಒಂದೇ ಪ್ರಶ್ನೆ ಅಲ್ಲಿ ಸಾಲದು. ಬ್ರೇಕು ಎಷ್ಟು ಶಾಖ ಉಂಡಿದೆ, ಇನ್ನೆಷ್ಟು ತಾಳೀತು ಎಂದು ಕೇಳಬೇಕು. ಲೆಕ್ಕ ಸರಳ. 1,500 ಕಿಲೋ ತೂಕದ ಕಾರನ್ನು ಗಂಟೆಗೆ 200 ಕಿ.ಮೀ. ವೇಗದಿಂದ 80ಕ್ಕೆ ಇಳಿಸಿದರೆ ಸುಮಾರು 19 ಲಕ್ಷ ಜೂಲ್ ಶಕ್ತಿ ಹೋಗಬೇಕು. ಆರು ಲೀಟರ್ ತಣ್ಣೀರನ್ನು ಕುದಿಯುವ ಹದಕ್ಕೆ ತರುವಷ್ಟು ಶಾಖ ಅದು. ಅದರ ಬಹುಪಾಲು ಮೂರ್ನಾಲ್ಕು ಸೆಕೆಂಡಿನಲ್ಲಿ ನಾಲ್ಕು ಡಿಸ್ಕ್‌ಗಳೊಳಗೆ ಇಳಿಯುತ್ತದೆ. ಅವು ಆರುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ.

ಬಲ್ಲ ಮೆಕ್ಯಾನಿಕ್ ಮೊದಲು ಚಕ್ರ ಬಿಚ್ಚುತ್ತಾನೆ. ಚಕ್ರದ ಕಡ್ಡಿಗಳ ಸಂದಿಯಲ್ಲಿ ಟಾರ್ಚ್ ಹಿಡಿದರೆ ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಒಳಗಿನದು ಅದಕ್ಕಿಂತ ಹೆಚ್ಚು ಸವೆದಿರಬಹುದು, ಒಂದು ತುದಿ ದಪ್ಪ ಇನ್ನೊಂದು ತುದಿ ತೆಳುವಾಗಿ ಓರೆಯಾಗಿಯೂ ಇರಬಹುದು. ಡಿಸ್ಕ್ ಅಳೆಯುವಾಗಲೂ ಮೋಸವಾಗುತ್ತದೆ. ಪ್ಯಾಡ್ ತಾಗುವ ಜಾಗ ಸವೆದು ಹೊರ ಅಂಚು ಸವೆಯದೆ ದಿಂಡಿನಂತೆ ಉಳಿಯುತ್ತದೆ. ವರ್ನಿಯರ್‌ನ ಚಪ್ಪಟೆ ದವಡೆ ಆ ದಿಂಡಿನ ಮೇಲೆ ಕೂತರೆ ಸವೆದ ಡಿಸ್ಕೂ ಹೊಸದರಂತೆ ಓದಿಸುತ್ತದೆ. ಅದಕ್ಕೇ ಮೈಕ್ರೋಮೀಟರ್ ಹಿಡಿದು, ಅಂಚಿನಿಂದ ಒಳಗೆ, ಸುತ್ತಲೂ ಹಲವು ಕಡೆ ಅಳೆದು, ಡಿಸ್ಕ್ ಮೇಲೆ ಒತ್ತಿರುವ ಕನಿಷ್ಠ ದಪ್ಪದೊಂದಿಗೆ ಹೋಲಿಸಬೇಕು. ಆಮೇಲೆ ಬಿರುಕು. ರಂಧ್ರಗಳ ಸುತ್ತ ಕೂದಲೆಳೆಯಂಥ ಗೆರೆಗಳು ಕಾದು ತಣಿದ ಗುರುತು. ಅವು ಒಂದು ರಂಧ್ರದಿಂದ ಇನ್ನೊಂದಕ್ಕೆ ಕೂಡಿಕೊಂಡರೆ, ಅಥವಾ ಅಂಚು ಮುಟ್ಟಿದರೆ, ದಪ್ಪ ಎಷ್ಟೇ ಇರಲಿ, ಆ ಡಿಸ್ಕ್ ಬದಲಿಸಲೇಬೇಕು.

ಪ್ಯಾಡ್ ಸವೆದರೆ ದೀಪ ಹತ್ತುತ್ತದಲ್ಲ, ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಊರೊಳಗಿನ ಓಡಾಟಕ್ಕೆ ಆ ಮಾತು ಒಪ್ಪತಕ್ಕದ್ದೇ. ಆದರೆ ಆ ದೀಪ ಹತ್ತುವುದು ಪ್ಯಾಡ್‌ನಲ್ಲಿ ಕೆಲವೇ ಮಿಲಿಮೀಟರ್ ಉಳಿದಾಗ. ಪ್ಯಾಡ್ ಬರೀ ಉಜ್ಜುವ ವಸ್ತುವಲ್ಲ, ಡಿಸ್ಕ್‌ನ ಶಾಖ, ಬ್ರೇಕ್ ಆಯಿಲ್ ಒತ್ತಡದಿಂದ ಪ್ಯಾಡನ್ನು ತಳ್ಳುವ ಪಿಸ್ಟನ್‌ಗೆ ಹರಿಯದಂತೆ ತಡೆಯುವ ಗೋಡೆಯೂ ಹೌದು. ಗೋಡೆ ತೆಳುವಾದಷ್ಟೂ ಬ್ರೇಕ್ ಆಯಿಲ್ ಬೇಗ ಕಾಯುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದೆ ನಿಲ್ಲಬೇಕೆಂಬ ನಿಯಮವಿದೆ. ತೇವ ಹೀರಿದ ಆಯಿಲ್‌ಗೆ ಆ ಮಿತಿ 155. ಕುದಿದರೆ ಆವಿಯ ಗುಳ್ಳೆಗಳೆದ್ದು ಪೆಡಲ್ ಕಾಲಡಿಯಲ್ಲಿ ಮೆತ್ತಗೆ ಕುಸಿಯುತ್ತದೆ. ಆಗ ಎಬಿಎಸ್ ಕೂಡ ನೆರವಿಗೆ ಬಾರದು, ಏಕೆಂದರೆ ಅದು ಹತೋಟಿಯಲ್ಲಿಡಬೇಕಾದ ಒತ್ತಡವೇ ಅಲ್ಲಿರುವುದಿಲ್ಲ. ಅರ್ಧ ಸವೆದ ಪ್ಯಾಡ್ ರಸ್ತೆಗೆ ಧಾರಾಳ, ಟ್ರ್ಯಾಕ್‌ಗೆ ಸಾಲದು ಎನ್ನುವುದು ಇದಕ್ಕೇ.

ಇದಕ್ಕಿಂತ ಬಲವಾದ ಆಕ್ಷೇಪ ಕಾರ್ಬನ್ ಸೆರಾಮಿಕ್ ಡಿಸ್ಕ್‌ಗಳ ಪರವಾಗಿ ಬರುತ್ತದೆ. 2001ರ ಸುಮಾರಿಗೆ ಪೋರ್ಷೆ 911 ಜಿಟಿ2 ಕಾರಿನೊಂದಿಗೆ ಬಂದ ಇವು ಕಬ್ಬಿಣದ ಡಿಸ್ಕ್‌ಗಿಂತ ಸರಿಸುಮಾರು ಅರ್ಧ ಹಗುರ. ರಸ್ತೆಯಲ್ಲಿ ದಪ್ಪ ಕಡಿಮೆಯಾಗುವುದೇ ಅಪರೂಪ. ಸವೆಯದಿದ್ದರೆ ಪರೀಕ್ಷೆ ಏಕೆ? ನನ್ನ ವಾದಕ್ಕೆ ಗಟ್ಟಿ ಸಾಕ್ಷಿ ಇರುವುದೇ ಇಲ್ಲಿ. ಟ್ರ್ಯಾಕ್‌ನ ಕಾವಿನಲ್ಲಿ ಡಿಸ್ಕ್‌ನೊಳಗಿನ ಕಾರ್ಬನ್ ನಾರು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಸುಟ್ಟುಹೋಗುತ್ತದೆ. ದಪ್ಪ ಹಾಗೇ ಇರುತ್ತದೆ, ಒಳಗಿನ ಬಲ ಹೋಗಿರುತ್ತದೆ. ಹಾಗಾಗಿ ಇವುಗಳ ಮೇಲೆ ಕನಿಷ್ಠ ತೂಕವನ್ನು ಕೊರೆದಿರುತ್ತಾರೆ. ಬಿಚ್ಚಿ, ಧೂಳು ತೆಗೆದು, ನಿಖರವಾದ ತಕ್ಕಡಿಯಲ್ಲಿಟ್ಟು ತೂಗಬೇಕು.

ಪ್ರತಿ ಸಲವೂ ಇಷ್ಟು ಮಾಡಲು ಸಮಯವೆಲ್ಲಿ ಎಂಬುದು ನ್ಯಾಯವಾದ ಪ್ರಶ್ನೆ. ಎಲ್ಲವನ್ನೂ ಪ್ರತಿ ಸಲ ಮಾಡಬೇಕಿಲ್ಲ. ಟ್ರ್ಯಾಕ್‌ಗೆ ಹೊರಡುವ ಮೊದಲು ಮತ್ತು ಮರಳಿದ ಮೇಲೆ ಪೂರ್ತಿ ಅಳತೆ. ನಡುವೆ ಪೆಡಲ್‌ನ ಗಡಸು, ಬಿರುಕು, ಪ್ಯಾಡ್ ನೋಡಿದರೆ ಸಾಕು. ರೇಸ್ ತಂಡಗಳು ಡಿಸ್ಕ್ ಅಂಚಿಗೆ ಮೂರು ಬಣ್ಣ ಬಳಿಯುತ್ತವೆ. ಒಂದೊಂದು ಬಣ್ಣವೂ ಒಂದೊಂದು ಶಾಖಕ್ಕೆ, ಸುಮಾರು 430, 560, 610 ಡಿಗ್ರಿಗೆ, ಬದಲಾಗುತ್ತದೆ. ಕಾರು ಪಿಟ್‌ಗೆ ಬಂದು ನಿಂತ ಕೂಡಲೇ, ಅದು ಎಷ್ಟು ಕಾದಿತ್ತೆಂದು ಡಿಸ್ಕೇ ಹೇಳುತ್ತದೆ.