ಗಣಕಯಂತ್ರದ ಒಳರಚನೆ ಹಾಗೂ ತಂತ್ರಾಂಶದೊಡನೆ ಅದರ ಸಂಬಂಧ: ಪದವಿ ಪ್ರವೇಶ ಬಯಸುವವರಿಗೆ ಮಾಹಿತಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ವಿದ್ಯಾರ್ಥಿಗಳ ಹಾಗೂ ಪೋಷಕರ ಅವಗಾಹನೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ಜಾತಿ ಮತ್ತು ಆದಾಯ ಪ್ರಮಾಣ ಪತ್ರ ಕೋರಿ ನಾಡಕಚೇರಿಗಳಿಗೆ ಬರುವ ಪೋಷಕರಲ್ಲಿ ಅನೇಕರು ಮಕ್ಕಳನ್ನು "ಕಂಪ್ಯೂಟರ್ ಓದಿಗೆ" ಸೇರಿಸುವುದಾಗಿ ತಿಳಿಸುತ್ತಾರೆ. ಕಂಪ್ಯೂಟರ್ ಓದು ಎಂದರೆ ಬೆರಳಚ್ಚು, ಟ್ಯಾಲಿ ಅಥವಾ ಅಂತರ್ಜಾಲದ ಬಳಕೆ ಎಂಬ ತಿಳಿವಳಿಕೆ ಕೆಲವೆಡೆ ಇಂದಿಗೂ ಉಳಿದಿದೆ. ಪದವಿಯ ಎರಡನೆಯ ವರ್ಷದಲ್ಲಿ ಗಣಕಯಂತ್ರದ ಒಳರಚನೆಯನ್ನು ಕುರಿತ ಪತ್ರಿಕೆ ಎದುರಾದಾಗ ಇಂತಹ ವಿದ್ಯಾರ್ಥಿಗಳು ಗಾಬರಿಗೊಳ್ಳುವುದು ಸಹಜ. ಜಮೀನಿನ ಮೇಲೆ ಸಾಲ ಮಾಡಿ ಶುಲ್ಕ ಭರಿಸುವ ಕುಟುಂಬಕ್ಕೆ ಒಂದು ವರ್ಷ ವ್ಯರ್ಥವಾಗುವುದು ಸಣ್ಣ ನಷ್ಟವಲ್ಲ. ಆದುದರಿಂದ ಸದರಿ ವಿಷಯದಲ್ಲಿ ಏನನ್ನು ಬೋಧಿಸಲಾಗುತ್ತದೆ ಎಂಬುದನ್ನು ಅರ್ಜಿ ಸಲ್ಲಿಸುವ ಮುನ್ನವೇ ತಿಳಿದಿರುವುದು ಒಳಿತು.

ಪಹಣಿ ವಿತರಣೆಯ ಉದಾಹರಣೆ

ರಾಜ್ಯದಲ್ಲಿ ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳನ್ನು 2000ದ ದಶಕದ ಆರಂಭದಲ್ಲಿ ಗಣಕೀಕರಿಸಲಾಯಿತು. ರೈತರು ಕಿಟಕಿಯ ಬಳಿ ಸರ್ವೆ ನಂಬರ್ ತಿಳಿಸಿದರೆ ಕೆಲವೇ ನಿಮಿಷಗಳಲ್ಲಿ ಮುದ್ರಿತ ಪಹಣಿ ದೊರೆಯುತ್ತದೆ. ಆ ಕೆಲವು ನಿಮಿಷಗಳಲ್ಲಿ ಯಂತ್ರದೊಳಗೆ ನಡೆಯುವುದೇ ಈ ಪತ್ರಿಕೆಯ ವಸ್ತು.

ಕೀಲಿಮಣೆಯ ಕೀಲಿಯೊಂದನ್ನು ಒತ್ತಿದಾಗ ಯಂತ್ರಕ್ಕೆ ತಲುಪುವುದು ಅಕ್ಷರವಲ್ಲ, ಆ ಕೀಲಿಗೆ ನಿಗದಿಪಡಿಸಿದ ಒಂದು ಸಂಖ್ಯೆ ಮಾತ್ರ. ಆಗ ಪ್ರೊಸೆಸರ್‌ಗೆ ಇಂಟರಪ್ಟ್ ಎಂಬ ಸೂಚನೆ ಹೋಗುತ್ತದೆ. ವಿಷಯ ನಿರ್ವಾಹಕರು ಟಿಪ್ಪಣಿ ಬರೆಯುತ್ತಿರುವಾಗ ತುರ್ತು ಟಪಾಲು ಬಂದರೆ, ಬರೆಯುತ್ತಿದ್ದ ಸಾಲಿನ ಬಳಿ ಗುರುತು ಹಾಕಿ, ಟಪಾಲನ್ನು ಸ್ವೀಕರಿಸಿ, ಪುನಃ ಅದೇ ಸಾಲಿಗೆ ಮರಳುವಂತೆ ಪ್ರೊಸೆಸರ್ ಸಹ ನಡೆದುಕೊಳ್ಳುತ್ತದೆ. ಕೀಲಿಯ ಸಂಖ್ಯೆಯನ್ನು ಕನ್ನಡದ ಅಕ್ಷರವನ್ನಾಗಿ ಮಾರ್ಪಡಿಸುವುದು ಕಾರ್ಯಾಚರಣ ವ್ಯವಸ್ಥೆ ಹಾಗೂ ನುಡಿಯಂತಹ ತಂತ್ರಾಂಶ. ಯಂತ್ರಾಂಶದ ಕೆಲಸ ಎಲ್ಲಿ ಮುಗಿದು ತಂತ್ರಾಂಶದ ಕೆಲಸ ಎಲ್ಲಿ ಆರಂಭವಾಗುತ್ತದೆ ಎಂಬುದು ಇಲ್ಲಿಂದಲೇ ಕಾಣತೊಡಗುತ್ತದೆ.

"ಲಕ್ಷ್ಮಿ" ಎಂಬ ಹೆಸರನ್ನು ಪರಿಗಣಿಸಬಹುದು. ಓದುವವರಿಗೆ ಇದರಲ್ಲಿ ಕಾಣುವುದು ಎರಡು ಅಕ್ಷರ. ಯೂನಿಕೋಡ್ ಪದ್ಧತಿಯಲ್ಲಿ ಇದು ಲ, ಕ, ವಿರಾಮ ಚಿಹ್ನೆ, ಷ, ಮತ್ತೊಂದು ವಿರಾಮ ಚಿಹ್ನೆ, ಮ ಮತ್ತು ಇಕಾರದ ಗುಣಿತ ಚಿಹ್ನೆ ಎಂಬ 7 ಸಂಕೇತಗಳ ಸಾಲು. ಯುಟಿಎಫ್-8 ರೂಪದಲ್ಲಿ ಸಂಗ್ರಹಿಸಿದಾಗ 21 ಬೈಟ್‌ಗಳು. ಯೂನಿಕೋಡ್‌ಗಿಂತ ಹಿಂದಿನ ಫಾಂಟ್‌ಗಳಲ್ಲಿ ಅಕ್ಷರದ ಆಕಾರಗಳಿಗೇ ಬೇರೆ ಸಂಖ್ಯೆಗಳನ್ನು ನೀಡಲಾಗಿತ್ತು. ಹೀಗಾಗಿ ಎರಡು ದಾಖಲೆಗಳು ಪರದೆಯ ಮೇಲೆ ಒಂದೇ ರೀತಿ ಕಂಡರೂ ಯಂತ್ರವು ಅವುಗಳನ್ನು ಬೇರೆ ಬೇರೆ ಹೆಸರುಗಳೆಂದು ಪರಿಗಣಿಸಬಹುದು. ಇದಕ್ಕೆ ಗುಮಾಸ್ತರನ್ನು ದೂಷಿಸಿ ಪ್ರಯೋಜನವಿಲ್ಲ.

ಮೇಜು, ಬೀರು ಮತ್ತು ಅಭಿಲೇಖಾಲಯ

ಈ ಪತ್ರಿಕೆಯಲ್ಲಿ ಹೆಚ್ಚು ಗಮನ ಕೊಡಬೇಕಾದ ಭಾಗವು ಸ್ಮೃತಿಯ ಶ್ರೇಣಿಗೆ ಸಂಬಂಧಿಸಿದುದು. ಕಚೇರಿಯಲ್ಲಿ ಈ ದಿನದ ಕಡತಗಳು ಮೇಜಿನ ಮೇಲೆ, ಈ ಸಾಲಿನ ಕಡತಗಳು ಬೀರುವಿನಲ್ಲಿ, ಹಳೆಯವು ಅಭಿಲೇಖಾಲಯದಲ್ಲಿ ಇರುತ್ತವೆ. ಮೇಜು ಚಿಕ್ಕದು, ಆದರೆ ಕೈಗೆ ಎಟುಕುವಂತಹುದು. ಗಣಕಯಂತ್ರದಲ್ಲಿ ಕ್ಯಾಶ್, ರ‍್ಯಾಮ್ ಮತ್ತು ಡಿಸ್ಕ್ ಇದೇ ಕ್ರಮದಲ್ಲಿವೆ. ಪ್ರೊಸೆಸರ್‌ಗೆ ಸಮೀಪದ ಕ್ಯಾಶ್‌ನಿಂದ ಮಾಹಿತಿ ಪಡೆಯಲು ಸುಮಾರು 1 ನ್ಯಾನೊಸೆಕೆಂಡ್, ರ‍್ಯಾಮ್‌ನಿಂದ ಸುಮಾರು 100 ನ್ಯಾನೊಸೆಕೆಂಡ್, ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್‌ನಿಂದ ಸುಮಾರು 10 ಮಿಲಿಸೆಕೆಂಡ್ ಬೇಕಾಗುತ್ತದೆ. ಈ ಸಂಖ್ಯೆಗಳು ಮನಸ್ಸಿಗೆ ನಾಟುವಂತಹವಲ್ಲ. 1 ನ್ಯಾನೊಸೆಕೆಂಡನ್ನು 1 ಸೆಕೆಂಡ್ ಎಂದು ಹಿಗ್ಗಿಸಿ ನೋಡಿದರೆ, ಮೇಜಿನ ಕಡತಕ್ಕೆ 1 ಸೆಕೆಂಡ್, ಬೀರುವಿನ ಕಡತಕ್ಕೆ ಒಂದೂವರೆ ನಿಮಿಷಕ್ಕಿಂತ ಸ್ವಲ್ಪ ಹೆಚ್ಚು, ಅಭಿಲೇಖಾಲಯದ ಕಡತಕ್ಕೆ ಸುಮಾರು 115 ದಿನಗಳು ಹಿಡಿಯುತ್ತವೆ. ಅಭಿಲೇಖಾಲಯದಿಂದ ಹಳೆಯ ನಕಲು ಪಡೆದವರಿಗೆ ಈ ಲೆಕ್ಕ ಅತಿಶಯವೆನಿಸಲಾರದು.

ಒಂದೇ ಕೆಲಸವನ್ನು ಮಾಡುವ ಎರಡು ಪ್ರೋಗ್ರಾಂಗಳಲ್ಲಿ ಒಂದು ಬೇಗ, ಇನ್ನೊಂದು ತಡವಾಗಿ ಮುಗಿಯಲು ಅನೇಕ ವೇಳೆ ಇದೇ ಕಾರಣ. ದೊಡ್ಡ ಖಾತೆ ಪುಸ್ತಕವೊಂದರ ಮೊತ್ತವನ್ನು ಪುಟದಿಂದ ಪುಟಕ್ಕೆ ಕೂಡುತ್ತಾ ಹೋಗಬಹುದು. ಅಥವಾ ಎಲ್ಲ ಪುಟಗಳ ಮೊದಲ ಸಾಲನ್ನು, ಬಳಿಕ ಎಲ್ಲ ಪುಟಗಳ ಎರಡನೆಯ ಸಾಲನ್ನು ಕೂಡಬಹುದು. ಉತ್ತರ ಒಂದೇ. ಆದರೆ ಎರಡನೆಯ ವಿಧಾನದಲ್ಲಿ ಪುಟ ಮಗುಚುವುದರಲ್ಲಿಯೇ ದಿನ ಕಳೆಯುತ್ತದೆ. ಯಂತ್ರದ ರಚನೆಯನ್ನು ಅರಿಯದೆ ಪ್ರೋಗ್ರಾಂ ಬರೆಯುವವರು ತಿಳಿಯದೆಯೇ ಎರಡನೆಯ ವಿಧಾನವನ್ನು ಅನುಸರಿಸುವುದುಂಟು.

ಲೆಕ್ಕ ತಪ್ಪುವ ಬಗೆ

ವಾಣಿಜ್ಯ ವಿಭಾಗದವರು ಸಹ ಗಮನಿಸತಕ್ಕ ಅಂಶವೊಂದಿದೆ. 32 ಬಿಟ್‌ಗಳ ಪೂರ್ಣಾಂಕದಲ್ಲಿ ಧನ ಹಾಗೂ ಋಣ ಸಂಖ್ಯೆಗಳೆರಡಕ್ಕೂ ಅವಕಾಶವಿಟ್ಟಾಗ ಹಿಡಿಸಬಹುದಾದ ಅತಿ ದೊಡ್ಡ ಸಂಖ್ಯೆ 214,74,83,647. ಮೊಬಲಗನ್ನು ಪೈಸೆಗಳಲ್ಲಿ ನಮೂದಿಸಿದರೆ ಇದು ರೂ. 2,14,74,836.47 ಆಗುತ್ತದೆ. ಅದಕ್ಕೆ ಒಂದು ಪೈಸೆ ಸೇರಿದರೂ ಸಾಮಾನ್ಯವಾಗಿ ಯಂತ್ರವು ಅದನ್ನು ಋಣ ಮೊತ್ತವಾಗಿ ತೋರಿಸುತ್ತದೆ. ರೂಪಾಯಿಗಳಲ್ಲಿಯೇ ದಶಮಾಂಶ ಬಳಸಿ ಬರೆದರೆ ಬೇರೆ ತೊಡಕು: 10 ಪೈಸೆ, ಅಂದರೆ 0.1 ಎಂಬುದನ್ನು ದ್ವಿಮಾನ ಪದ್ಧತಿಯಲ್ಲಿ ಕರಾರುವಾಕ್ಕಾಗಿ ಬರೆಯಲು ಸಾಧ್ಯವಿಲ್ಲ. 1996ರ ಜೂನ್ 4ರಂದು ಯೂರೋಪಿನ ಏರಿಯಾನ್-5 ರಾಕೆಟ್ ಮೊದಲ ಹಾರಾಟದಲ್ಲಿಯೇ ನಾಶವಾಯಿತು. 64 ಬಿಟ್‌ಗಳ ಸಂಖ್ಯೆಯೊಂದನ್ನು 16 ಬಿಟ್‌ಗಳ ಸ್ಥಳದಲ್ಲಿ ತುಂಬಲು ಹೊರಟ ತಂತ್ರಾಂಶದಿಂದ ಆ ಅವಘಡ ಆರಂಭವಾಗಿತ್ತು.

ಜಿಲ್ಲೆಯಲ್ಲಿಯೇ ಇರುವ ನಿದರ್ಶನ

ಗೌರಿಬಿದನೂರಿನ ಸಮೀಪ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು 1970ರ ದಶಕದಲ್ಲಿ ಸ್ಥಾಪಿಸಿದ ರೇಡಿಯೋ ದೂರದರ್ಶಕ ಕೇಂದ್ರವಿದೆ. 1997ರಿಂದ ಅಲ್ಲಿ ಸೂರ್ಯನ ಅಧ್ಯಯನಕ್ಕಾಗಿ ಪ್ರತ್ಯೇಕ ಆಂಟೆನಾಗಳ ಸಮೂಹವೂ ಕಾರ್ಯಾರಂಭ ಮಾಡಿತು. ಬಯಲಿನಲ್ಲಿ ಹರಡಿದ ಅನೇಕ ಆಂಟೆನಾಗಳಿಂದ ಎಡೆಬಿಡದೆ ಬರುವ ಸಂಕೇತಗಳನ್ನು ಜೋಡಿ ಜೋಡಿಯಾಗಿ ಗುಣಿಸಿ ಕೂಡುವುದು ಇಂತಹ ಕೇಂದ್ರಗಳ ಮುಖ್ಯ ಕೆಲಸ. ಸಾಮಾನ್ಯ ಪ್ರೊಸೆಸರ್ ಆದೇಶಗಳನ್ನು ಒಂದೊಂದಾಗಿ ನಿರ್ವಹಿಸುವಷ್ಟರಲ್ಲಿ ಮುಂದಿನ ಸಂಕೇತಗಳು ಬಂದು ಬಿದ್ದಿರುತ್ತವೆ. ಆದುದರಿಂದ ಅದೊಂದೇ ಕೆಲಸಕ್ಕೆ ಮೀಸಲಾದ, ಕೋರಿಲೇಟರ್ ಎಂಬ ವಿದ್ಯುನ್ಮಂಡಲಗಳನ್ನು ಬಳಸಲಾಗುತ್ತದೆ. ಯಾವ ಕೆಲಸವನ್ನು ಯಂತ್ರಾಂಶಕ್ಕೆ ವಹಿಸಬೇಕು, ಯಾವುದನ್ನು ತಂತ್ರಾಂಶಕ್ಕೆ ಬಿಡಬೇಕು ಎಂಬ ನಿರ್ಧಾರಕ್ಕೆ ಇದಕ್ಕಿಂತ ಉತ್ತಮ ಉದಾಹರಣೆಯನ್ನು ಜಿಲ್ಲೆಯಲ್ಲಿ ತೋರಿಸುವುದು ಕಷ್ಟ.

ವ್ಯಾಸಂಗ ಮತ್ತು ಪ್ರವೇಶ

ಚಿಕ್ಕಬಳ್ಳಾಪುರದಲ್ಲಿ 1986ರಲ್ಲಿ ಆರಂಭವಾದ ಎಸ್.ಜೆ.ಸಿ. ತಾಂತ್ರಿಕ ಮಹಾವಿದ್ಯಾಲಯವು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿದೆ. ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರಾದ ಮುದ್ದೇನಹಳ್ಳಿ ಇದೇ ತಾಲ್ಲೂಕಿನಲ್ಲಿದೆ. ಸದರಿ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಂತೆ ಕಂಪ್ಯೂಟರ್ ಸೈನ್ಸ್ ವಿಭಾಗದ ಮೂರನೆಯ ಸೆಮಿಸ್ಟರ್‌ನಲ್ಲಿ ಡಿಜಿಟಲ್ ವಿನ್ಯಾಸ ಮತ್ತು ಕಂಪ್ಯೂಟರ್ ಆರ್ಗನೈಸೇಶನ್, ಕಾರ್ಯಾಚರಣ ವ್ಯವಸ್ಥೆ ಎಂಬ ಪತ್ರಿಕೆಗಳೂ ನಾಲ್ಕನೆಯದರಲ್ಲಿ ಮೈಕ್ರೋಕಂಟ್ರೋಲರ್ ಪತ್ರಿಕೆಯೂ ಇರುತ್ತವೆ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಮೂಲಕ ನೇರವಾಗಿ ಎರಡನೆಯ ವರ್ಷಕ್ಕೆ ಸೇರುವವರಿಗೆ ಕಾಲೇಜಿನ ಮೊದಲ ದಿನಗಳಲ್ಲಿಯೇ ಈ ವಿಷಯ ಎದುರಾಗುತ್ತದೆ. ಅಂತಹವರು ಬೇಸಿಗೆ ರಜೆಯಲ್ಲಿಯೇ ದ್ವಿಮಾನ ಸಂಖ್ಯೆ ಮತ್ತು ತರ್ಕದ್ವಾರಗಳನ್ನು ಅಭ್ಯಾಸ ಮಾಡಿಕೊಳ್ಳುವುದು ಸೂಕ್ತ.

ಇಂಜಿನಿಯರಿಂಗ್ ಪ್ರವೇಶಕ್ಕೆ ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ ಹಾಗೂ ಗಣಿತ ಕಡ್ಡಾಯ. ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು ಬಿಸಿಎ ಪದವಿಯನ್ನು ಪರಿಗಣಿಸಬಹುದು. ಅದರಲ್ಲಿ ಈ ವಿಷಯವನ್ನು ಬೋಧಿಸಿದರೂ ಪ್ರಯೋಗಾಲಯದ ಆಳ ಅಷ್ಟಿರುವುದಿಲ್ಲ. ಜಿಲ್ಲೆಯ ಸಾಮಾನ್ಯ ಪದವಿ ಕಾಲೇಜುಗಳು 2017ರಿಂದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿವೆ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಸೀಟು ಪಡೆಯುವವರಲ್ಲಿ 1ರಿಂದ 10ನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ವ್ಯಾಸಂಗ ಮಾಡಿದವರಿಗೆ ಮೀಸಲಾತಿ ಇರುತ್ತದೆ. ಇದಕ್ಕಾಗಿ ನಿಗದಿತ ನಮೂನೆಯ ವ್ಯಾಸಂಗ ಪ್ರಮಾಣ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲು ಸಹಿ ಪಡೆಯತಕ್ಕದ್ದು. ಜಾತಿ ಮತ್ತು ಆದಾಯ ಪ್ರಮಾಣ ಪತ್ರದ ಆರ್.ಡಿ. ಸಂಖ್ಯೆಯನ್ನು ಅರ್ಜಿಯಲ್ಲಿ ನಮೂದಿಸಬೇಕಾಗಿರುವುದರಿಂದ, ಪ್ರಮಾಣ ಪತ್ರದಲ್ಲಿನ ಹೆಸರು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿರುವಂತೆಯೇ ಇದೆಯೇ ಎಂಬುದನ್ನು ನಾಡಕಚೇರಿಯ ಕಿಟಕಿಯಿಂದ ಹೊರಡುವ ಮುನ್ನವೇ ಪರಿಶೀಲಿಸಿಕೊಳ್ಳತಕ್ಕದ್ದು.